ಅಲರ್ಜಿಯ ಮಾತ್ರೆಯೂ ತರಗತಿಯ ನಿದ್ದೆಯೂ

ಮಳೆಗಾಲ ಬಂತೆಂದರೆ ನಮ್ಮ ಶಾಂತಿನಗರದ ದಾರಿಗಳ ಬದಿಯಲ್ಲಿ ಕಾಂಗ್ರೆಸ್ ಕಳೆ ಬಿಳಿ ಹೂ ಹೊತ್ತು ನಿಲ್ಲುತ್ತದೆ. ತೆಲುಗಿನವರು ಇದನ್ನು ‘ವಯ್ಯಾರಿಭಾಮ’ ಎನ್ನುತ್ತಾರೆ. ಹೆಸರೇನೋ ಚೆಂದ, ಗುಣ ಹಾಗಲ್ಲ. ಇದರ ಪರಾಗ ಮೂಗಿಗೆ ಸೇರಿದರೆ ಕೆಲವರಿಗೆ ಬಿಡದೆ ಸೀನು, ಮೂಗಿನಲ್ಲಿ ನೀರು, ಕಣ್ಣುಗಳಲ್ಲಿ ನವೆ. ಇದೇ ಅಲರ್ಜಿ, ಎಂದರೆ ಒಗ್ಗದಿಕೆ.

ಕೆಲವು ವರ್ಷಗಳ ಹಿಂದೆ ಮೊದಲನೆಯ ಪೀರಿಯಡ್ಡಿನಲ್ಲಿ ಒಬ್ಬ ಹುಡುಗ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಸೋಮಾರಿಯೆಂದು ಗದರಿ ಪೂರ್ತಿ ಪಾಠ ಮುಗಿಯುವವರೆಗೆ ನಿಲ್ಲಿಸಿದೆವು. ಅವನ ತಾಯಿ ಬೆಳಿಗ್ಗೆ ಸೀನು ನಿಲ್ಲಲೆಂದು ಮನೆಯಲ್ಲಿದ್ದ ಹಳೆಯ ಮಾತ್ರೆಯೊಂದನ್ನು ನುಂಗಿಸಿದ್ದರೆಂದು ಆಮೇಲೆ ತಿಳಿಯಿತು. ತಪ್ಪು ನಮ್ಮದೇ. ಆ ಮಾತ್ರೆ ಮಾಡಿದ್ದೇನು ಎಂದು ಅಂದಿನಿಂದ ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ದೇಹದ ಕಾವಲು ಪಡೆ ಕೆಲವರಲ್ಲಿ ನಿರುಪದ್ರವಿ ಪರಾಗವನ್ನೂ ಶತ್ರುವೆಂದು ಭ್ರಮಿಸುತ್ತದೆ. ಆಗ ಮೂಗು, ಕಣ್ಣು, ಚರ್ಮಗಳಲ್ಲಿರುವ ‘ಮಾಸ್ಟ್’ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ನರಗಳಲ್ಲೂ ಸಣ್ಣ ರಕ್ತನಾಳಗಳಲ್ಲೂ ಈ ಹಿಸ್ಟಮಿನ್ನಿಗೆ ಒಪ್ಪುವ ಬೀಗಗಳಿವೆ. ಬೀಗದಲ್ಲಿ ಕೈ ತಿರುಗಿದಂತೆ ಅದು ಅಲ್ಲಿ ಕೂಡಿದೊಡನೆ ನರ ನವೆಯನ್ನೂ ಸೀನನ್ನೂ ಎಬ್ಬಿಸುತ್ತದೆ; ರಕ್ತನಾಳ ಹಿಗ್ಗಿ ದ್ರವ ಒಸರುತ್ತದೆ. ಮಾತ್ರೆ ಹಿಸ್ಟಮಿನ್ನನ್ನು ನಾಶಮಾಡುವುದಿಲ್ಲ. ಬೀಗದಲ್ಲಿ ತಾನು ಮೊದಲೇ ಹೋಗಿ ಕುಳಿತುಕೊಳ್ಳುತ್ತದೆ, ಅಷ್ಟೆ. ಆದ್ದರಿಂದಲೇ ಸೀನು ಜೋರಾದ ಮೇಲೆ ನುಂಗುವುದಕ್ಕಿಂತ ಮೊದಲೇ ತೆಗೆದುಕೊಂಡರೆ ಗುಣ ಹೆಚ್ಚು.

ಈ ಬಗೆಯ ಔಷಧಿಯ ದಾರಿಯನ್ನು 1937ರಲ್ಲಿ ಪ್ಯಾರಿಸಿನಲ್ಲಿ ತೆರೆದವರು ಡೇನಿಯಲ್ ಬೋವೆ. 1957ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಕ್ಲೋರ್‌ಫೆನಿರಮಿನ್‌ನಂತಹ ಹಳೆಯ ಮಾತ್ರೆಗಳು ಮಿದುಳಿನೊಳಕ್ಕೂ ನುಗ್ಗುತ್ತವೆ. ಮಿದುಳಿನಲ್ಲಿ ಹಿಸ್ಟಮಿನ್ನಿನ ಕೆಲಸವೇ ಬೇರೆ: ನಮ್ಮನ್ನು ಎಚ್ಚರವಾಗಿಡುವುದು. ಅಲ್ಲಿಯೂ ಬೀಗ ಮುಚ್ಚಿದರೆ ತೂಕಡಿಕೆ ಬರದೆ ಇದ್ದೀತೆ?

1980ರ ದಶಕದಿಂದ ಬಳಕೆಗೆ ಬಂದ ಎರಡನೆಯ ಪೀಳಿಗೆಯ ಮಾತ್ರೆಗಳು ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಮೊದಲಾದವು. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯನ್ನು ಇವು ಅಷ್ಟಾಗಿ ದಾಟವು. ಒಳಹೊಕ್ಕುದನ್ನೂ ಅಲ್ಲಿರುವ ಪಂಪಿನಂತಹ ಪ್ರೋಟೀನು ಹೊರದಬ್ಬುತ್ತದೆ. ಮೂಗಿಗೆ ಉಪಶಮನ, ಮಿದುಳಿಗೆ ಎಚ್ಚರ. ಸಾಮಾನ್ಯವಾಗಿ ದಿನಕ್ಕೊಂದು ಮಾತ್ರೆ ಸಾಕು. ಆದರೂ ಸೆಟಿರಿಜಿನ್ ಕೆಲವರಿಗೆ ನಿದ್ದೆ ತರಿಸುವುದುಂಟು; ಫೆಕ್ಸೊಫೆನಡಿನ್ ಬಹಳ ಕಡಿಮೆ. ಇದನ್ನು ಮಾತ್ರ ನೀರಿನೊಂದಿಗೇ ನುಂಗಬೇಕು, ಕಿತ್ತಳೆ ರಸದೊಂದಿಗಲ್ಲ. ರಸವು ಔಷಧಿ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ.

ಕಟ್ಟಿದ ಮೂಗಿಗೆ ಈ ಮಾತ್ರೆಗಳಿಂದ ಅಷ್ಟು ಪ್ರಯೋಜನವಿಲ್ಲ. ಉಬ್ಬಸಕ್ಕೆ ಇವು ಮದ್ದಲ್ಲ. ತುಟಿ, ನಾಲಿಗೆ ಊದಿಕೊಂಡು ಉಸಿರು ಸಿಕ್ಕಿಕೊಂಡರಂತೂ ಮಾತ್ರೆಯನ್ನು ಕಾಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಅಲ್ಲಿ ಬೇಕಾದುದು ಅಡ್ರಿನಲಿನ್ ಚುಚ್ಚುಮದ್ದು.

ಮಗುವಿನ ವಯಸ್ಸಿಗೂ ತೂಕಕ್ಕೂ ತಕ್ಕ ಪ್ರಮಾಣವನ್ನು ವೈದ್ಯರೇ ಹೇಳಲಿ. ಮಾತ್ರೆ ಕೊಟ್ಟು ಕಳಿಸಿದ ದಿನ ತಾಯ್ತಂದೆಯರು ಒಂದು ಚೀಟಿಯಲ್ಲಿ ಅದರ ಹೆಸರನ್ನು ಬರೆದು ಕಳಿಸಿದರೆ ನಾವು ಯಾರನ್ನೂ ಎದ್ದು ನಿಲ್ಲಿಸುವುದಿಲ್ಲ.