ಬಚ್ಚಲೊಲೆ, ಬಾಯ್ಲರ್ ಮತ್ತು ಬೆಚ್ಚನೆಯ ನೆಲ

ಬಚ್ಚಲುಮನೆಯ ಮೂಲೆಯಲ್ಲಿ ಇಟ್ಟಿಗೆ, ಮಣ್ಣಿನ ಕಟ್ಟೆ, ಅದರಲ್ಲಿ ಕುತ್ತಿಗೆಯವರೆಗೆ ಹೂತ ತಾಮ್ರದ ಹಂಡೆ, ಅಡಿಯಲ್ಲಿ ಉರಿ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಸೌದೆಯಿಂದ ನೀರು ಕಾಯಿಸುವ ಹಳೆಯ ಏರ್ಪಾಡು ಇದು. ಕಡೂರಿನ ಕಡೆ ತೆಂಗಿನ ಮಟ್ಟೆ, ಗರಿ, ಕರಟ ಒಲೆಗೆ ಹೋಗುತ್ತವೆ. ತರೀಕೆರೆಯ ತೋಟಗಳಲ್ಲಿ ಅಡಿಕೆ ಸಿಪ್ಪೆ, ಸೋಗೆ. ಅಜ್ಜಂಪುರದ ಬಯಲಿನಲ್ಲಿ ಜಾಲಿ, ಬೆರಣಿ. ತೋಟ ಹೊಲಗಳಲ್ಲಿ ಉಳಿದದ್ದೇ ಉರುವಲಾಗುವುದರಿಂದ ಇದಕ್ಕಾಗಿ ಮರ ಕಡಿಯಬೇಕಾದ ಪ್ರಸಂಗ ಕಡಿಮೆ. ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು ಪೂಜಿಸುತ್ತಾರೆ.

60 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 10 ಮೆಗಾಜೌಲ್ ಶಾಖ ಬೇಕು. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೌಲ್ ಇರುತ್ತದೆ. ಉರಿಯ ಬಿಸಿಯೆಲ್ಲ ನೀರಿಗೇ ಸೇರಿದರೆ ಮುಕ್ಕಾಲು ಕಿಲೋ ಸೌದೆಯೂ ಬೇಡ. ಒಲೆಯ ದಕ್ಷತೆ ಶೇ 15 ಆದರೆ ನಾಲ್ಕೂವರೆ ಕಿಲೋ ಸುಡಬೇಕು; ಶೇ 40ಕ್ಕೆ ಏರಿದರೆ ಒಂದೂಮುಕ್ಕಾಲು ಕಿಲೋ ಸಾಕು. ಹಸಿ ಸೌದೆಯಾದರೆ ಅದರ ನೀರನ್ನೇ ಮೊದಲು ಆವಿ ಮಾಡಬೇಕಾಗಿ ಹೊಗೆ ಹೆಚ್ಚುತ್ತದೆ. ಹೊಗೆಯೆಂದರೆ ಉರಿಯದೆ ಹೋದ ಉರುವಲು. ಕಣ್ಣಿಗೂ ಶ್ವಾಸಕೋಶಕ್ಕೂ ಅದು ಕೇಡು, ಬಚ್ಚಲಿಗೆ ಬೆಂಕಿ ಹಾಕುವ ಹೆಂಗಸರೇ ಅದನ್ನು ಹೆಚ್ಚು ಕುಡಿಯುತ್ತಾರೆ.

ಬಿಸಿಯ ಈ ನಷ್ಟವನ್ನು ತಗ್ಗಿಸುವ ಒಂದು ದಾರಿ ತಾಮ್ರದ ಬಾಯ್ಲರ್. ಅದರ ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಬಿಸಿ ತಾಗುವ ಮೈ ಹಂಡೆಗಿಂತ ಹೆಚ್ಚು. ಇನ್ನೊಂದು ದಾರಿ ಒಲೆಯನ್ನೇ ತಿದ್ದುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಡುಗೆಯ ಒಲೆ ಇದಕ್ಕೆ ಮಾದರಿ: ಉರುವಲಿನಡಿ ಗಾಳಿಯಾಡುವ ಜಾಲರಿ, ಪಾತ್ರೆಗೆ ಒತ್ತಿದ ಉರಿ, ಹೊಗೆಯನ್ನು ಹೊರಗೊಯ್ಯುವ ಕೊಳವೆ.

ಚಳಿ ದೇಶಗಳಲ್ಲಿ ಇಂಥ ಬಾಯ್ಲರಿನ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಹರಿಸಿ ಕೋಣೆ ಬೆಚ್ಚಗಿಡುತ್ತಾರೆ. ಕೊರಿಯಾದ ಹಳೆಯ ಒಂಡೋಲ್ ಮನೆಗಳಲ್ಲಿ ಒಲೆಯ ಹೊಗೆಯೇ ನೆಲಗಲ್ಲುಗಳ ಕೆಳಗೆ ಹಾದುಹೋಗುತ್ತಿತ್ತು. ಕೊಳವೆಗೆ 30ರಿಂದ 40 ಡಿಗ್ರಿ ನೀರು ಸಾಕು. ಆದರೆ ಸಿಮೆಂಟು ನೆಲ ಕಾಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಕಡೂರಿನ ಜನವರಿ ಚಳಿ ಬಿಸಿಲೇರುತ್ತಲೇ ಇಳಿಯುವುದರಿಂದ, ನೆಲ ಬೆಚ್ಚಗಾಗುವ ಹೊತ್ತಿಗೆ ಅದರ ಅಗತ್ಯವೇ ಮುಗಿದಿರುತ್ತದೆ. ತರೀಕೆರೆ ತಾಲ್ಲೂಕಿನ, 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಂಥ ಕಡೆ, ಮಳೆಗಾಲದ ಥಂಡಿಗೆ ಮಾತ್ರ ಅದು ಅರ್ಥಪೂರ್ಣ.

ಅಲ್ಲಿಯೂ ಒಂದು ಎಚ್ಚರ ಬೇಕು. ಕರೆಂಟು ಹೋದರೆ ನೆಲದಡಿ ನೀರು ಹರಿಸುವ ಪಂಪು ನಿಲ್ಲುತ್ತದೆ, ಸೌದೆ ಉರಿಯುತ್ತಲೇ ಇರುತ್ತದೆ. ಬಾಯಿ ತೆರೆದ ಹಂಡೆಯಲ್ಲಿ ಆವಿ ಮೇಲೆ ಹೋಗುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಒತ್ತಡ ಏರಿ ಸಿಡಿಯಬಹುದು. ಆದ್ದರಿಂದ ಆವಿ ಬಿಡುವ ಕವಾಟವಿಲ್ಲದ ಬಾಯ್ಲರನ್ನು ಯಾರೂ ಕೂರಿಸಬಾರದು. ಉಳಿದ ಊರುಗಳಲ್ಲಿ ನೆಲ ಕಾಯಿಸಲು ಹಾಕುವ ಹಣದ ಒಂದಂಶ ಸಾಕು. ಅದರಲ್ಲಿ ಇರುವ ಬಚ್ಚಲೊಲೆಗೆ ಜಾಲರಿಯನ್ನೂ ಸೂರು ದಾಟುವ ಹೊಗೆ ಕೊಳವೆಯನ್ನೂ ಹಾಕಿಸಿಕೊಳ್ಳಬೇಕು.