‘ಯಾವ ಕಾಂಬಿನೇಶನ್ ಆದ್ರೇನು, ಬಿ.ಎ. ತಾನೆ?’

ಪಿಯು ಫಲಿತಾಂಶ ಬಂದದ್ದೇ ತಡ, ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಪದವಿ ಕಾಲೇಜುಗಳ ಗೇಟಿನ ಹೊರಗೆ ಉಚಿತ ಸಲಹೆಗೆ ಬರವಿಲ್ಲ. ಚಿಕ್ಕಪ್ಪ, ಪಕ್ಕದ ಮನೆ ಆಂಟಿ, ಕೆಲವು ವರ್ಷ ಹಿಂದೆ ಸೇರಿದ ಸೀನಿಯರ್ ಎಲ್ಲರಿಗೂ ಎಲ್ಲವೂ ಗೊತ್ತು. ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿಕೊಡುವ ಸೈಬರ್ ಸೆಂಟರಿನವರೂ ತಮ್ಮದೊಂದು ಮಾತು ಸೇರಿಸುತ್ತಾರೆ. ಬಿ.ಎ. ಸೇರುವ ಮಕ್ಕಳ ಕಿವಿಗೆ ಬೀಳುವ ಇಂಥ ಮಾತುಗಳಲ್ಲಿ ಪೂರ್ತಿ ಸುಳ್ಳು ಕಡಿಮೆ. ಅರ್ಧ ನಿಜವೇ ಹೆಚ್ಚು, ಕೆಡಿಸುವುದೂ ಅದೇ.

ಕಲ್ಪನೆ: ಯಾವ ಕಾಂಬಿನೇಶನ್ ತಗೊಂಡ್ರೂ ಒಂದೇ

ಇದರಲ್ಲಿ ನಿಜವಿರುವುದು ಎಷ್ಟು? ಯುಪಿಎಸ್‌ಸಿ, ಕೆಎಎಸ್, ಬ್ಯಾಂಕ್ ಪರೀಕ್ಷೆಗಳು ಯಾವುದಾದರೂ ಒಂದು ಪದವಿ ಕೇಳುತ್ತವೆ, ವಿಷಯ ಕೇಳುವುದಿಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೂ ಎಂಬಿಎಗೂ ಹಾಗೆಯೇ. ಅಲ್ಲಿ ನೋಡುವುದು ಶೇಕಡಾವಾರು ಅಂಕ. ಈ ಮಾತು ಹುಟ್ಟಿದ್ದು ಅಲ್ಲಿಂದ.

ಆದರೆ ಎಂ.ಎ. ಮತ್ತು ಬಿ.ಇಡಿ. ಬಾಗಿಲಲ್ಲಿ ನಿಂತವರನ್ನು ಮೊದಲು ಕೇಳುವುದೇ ‘ಡಿಗ್ರಿಯಲ್ಲಿ ಏನು ಓದಿದ್ದಿ?’ ಎಂದು. ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರಿಗೆ ಆ ಮೂರರಲ್ಲೂ ಎಂ.ಎ. ದಾರಿ ಇದೆ, ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರಾಗಲೂ ಅದೇ ನೆಲಗಟ್ಟು. ಜೆಪಿಇ, ಅಂದರೆ ಪತ್ರಿಕೋದ್ಯಮ, ಮನಃಶಾಸ್ತ್ರ, ಇಂಗ್ಲಿಷ್, ಈಗ ಭಾರಿ ಬೇಡಿಕೆಯ ಕಾಂಬಿನೇಶನ್. ಒಳ್ಳೆಯದೇ. ಆದರೆ ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಪತ್ರಿಕೋದ್ಯಮದ ಪಿರಿಯಡ್ ಇಲ್ಲ, ಮನಃಶಾಸ್ತ್ರದ್ದೂ ಇಲ್ಲ. ‘ಏನೂ ಆಗದಿದ್ರೆ ಬಿ.ಇಡಿ. ಮಾಡಿ ಟೀಚರ್ ಆಗ್ತೀನಿ’ ಎಂದುಕೊಂಡು ಅದನ್ನು ಸೇರಿದ ಹುಡುಗಿಯ ಕೈಯಲ್ಲಿ ಕೊನೆಗೆ ಉಳಿಯುವುದು ಇಂಗ್ಲಿಷ್ ಒಂದೇ. ಇತ್ತ ಆಪ್ತಸಮಾಲೋಚಕಿ ಆಗಬೇಕೆಂಬ ಕನಸಿಟ್ಟುಕೊಂಡು ಎಚ್‌ಇಪಿ ಸೇರಿದವಳಿಗೆ ಮನಃಶಾಸ್ತ್ರದ ಸ್ನಾತಕೋತ್ತರ ಸೀಟು ಸಿಗುವುದು ಬಲು ಕಷ್ಟ. ಪಿಯು ಉಪನ್ಯಾಸಕರಾಗಲು ಅದೇ ವಿಷಯದಲ್ಲಿ ಶೇ 55 ಅಂಕದ ಎಂ.ಎ. ಬೇಕು, ಜೊತೆಗೆ ಬಿ.ಇಡಿ. ಹಿಂದೆ ಹಿಂದೆ ಹುಡುಕಿಕೊಂಡು ಹೋದರೆ ಇದೆಲ್ಲದರ ಬೇರು ಹದಿನೇಳರ ವಯಸ್ಸಿನಲ್ಲಿ, ಕಾಲೇಜು ಕೌಂಟರಿನಲ್ಲಿ ಟಿಕ್ ಹಾಕಿದ ಆ ಒಂದು ಚೌಕದಲ್ಲಿದೆ.

ಹಾಗಾಗಿ ಪ್ರಾಸ್ಪೆಕ್ಟಸ್ ಓದುವ ಮೊದಲು ಎಂ.ಎ. ಮತ್ತು ಬಿ.ಇಡಿ. ಪ್ರವೇಶದ ಅಧಿಸೂಚನೆ ಓದಿ. ಅರ್ಹತೆಯ ಕಾಲಂ ಒಂದನ್ನೇ ನೋಡಿದರೂ ಸಾಕು. ಸೇರಿದ ಮೇಲೆ ವಿಷಯ ಬದಲಿಸಬೇಕಾದರೆ ಕೊನೆಯ ದಿನ ಯಾವುದು ಎಂದು ಮೊದಲ ವಾರವೇ ಆಫೀಸಿನಲ್ಲಿ ಕೇಳಿಟ್ಟುಕೊಳ್ಳಿ.

ಕಲ್ಪನೆ: ಈಗ ಡಿಗ್ರಿ ನಾಲ್ಕು ವರ್ಷ

ಸೀನಿಯರ್ ಹೇಳಿದ್ದು ಅವನ ಕಾಲಕ್ಕೆ ಸರಿ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಇತ್ತು. ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು, 2024ರ ಮೇ ತಿಂಗಳ ಆದೇಶದಂತೆ 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ ಮೂರೇ ವರ್ಷ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣನ ಪಠ್ಯಕ್ರಮ ಬೇರೆ, ತಂಗಿಯದು ಬೇರೆ. ಅಣ್ಣನ ನೋಟ್ಸನ್ನು ನಂಬುವ ಮೊದಲು ಸಿಲಬಸ್ ಪ್ರತಿ ತಾಳೆ ನೋಡಬೇಕು.

ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕವೇ ಬೇರೆ. 2021ರಲ್ಲಿ ಮೈಸೂರು ರಸ್ತೆಯಲ್ಲಿ ಶುರುವಾದ ಆರ್‌ವಿ ವಿಶ್ವವಿದ್ಯಾಲಯದ ಲಿಬರಲ್ ಆರ್ಟ್ಸ್ ವಿಭಾಗದಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ. ಕೆಂಗೇರಿ ಕಡೆಯ ಮೆಟ್ರೊ ಹತ್ತಿದ ಇಬ್ಬರು ಗೆಳತಿಯರಲ್ಲಿ ಒಬ್ಬಳಿಗೆ ಮೂರು ವರ್ಷ, ಇನ್ನೊಬ್ಬಳಿಗೆ ನಾಲ್ಕು. ಮೂರು ವರ್ಷದವಳು ಹಿಂದೆ ಬಿದ್ದಳೇ? ಮೂರರ ಮೇಲೆ ಎರಡು ವರ್ಷದ ಎಂ.ಎ., ನಾಲ್ಕರ ಮೇಲೆ ಯುಜಿಸಿ ನಿಯಮದಂತೆ ಒಂದೇ ವರ್ಷದ ಎಂ.ಎ.; ಎರಡೂ ಐದೇ. ವ್ಯತ್ಯಾಸ ಇರುವುದು ಒಂದು ಕಡೆ: ನಾಲ್ಕು ವರ್ಷದಲ್ಲಿ ಶೇ 75 ಪಡೆದವರು ಎಂ.ಎ. ಇಲ್ಲದೆ ನೇರ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಶುಲ್ಕದ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ.

ಕಲ್ಪನೆ: ಸೈನ್ಸ್ ಓದಿ ಬಿ.ಎ.ಗೆ ಬಂದ್ರೆ ಎರಡು ವರ್ಷ ದಂಡ

ಅರ್ಥಶಾಸ್ತ್ರ ತೆಗೆದುಕೊಂಡ ಹುಡುಗನಿಗೆ ಪಿಯು ಗಣಿತ ಎಷ್ಟು ಆಸರೆ ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲೇ ತಿಳಿಯುತ್ತದೆ. ಮುಂದೆ ಎಂಸಿಎಗೆ ಹೋಗುವ ಮನಸ್ಸಾದರೂ ಪಿಯುನಲ್ಲಿ ಓದಿದ ಆ ಗಣಿತ ನೆರವಿಗೆ ಬರುತ್ತದೆ. ಸೈನ್ಸ್‌ನಿಂದ ಆರ್ಟ್ಸ್‌ಗೆ ಬರಬಹುದು, ಪಿಯು ಆರ್ಟ್ಸ್‌ನಿಂದ ಬಿ.ಎಸ್ಸಿ.ಗೆ ಹೋಗುವುದೇ ಕಷ್ಟ.

ಕಲ್ಪನೆ: ಬಿ.ಎ. ಅಂದ್ರೆ ಐಎಎಸ್ ಕೋಚಿಂಗ್, ಮೊದಲ ವರ್ಷದಿಂದಲೇ

ಈ ಮಾತು ಹುಟ್ಟುವ ಜಾಗ ನಮ್ಮದೇ ಬಡಾವಣೆ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತ ಕೋಚಿಂಗ್ ಬೋರ್ಡು, ಪಿಜಿ, ಜೆರಾಕ್ಸ್ ಅಂಗಡಿ ಒಂದಕ್ಕೊಂದು ಅಂಟಿಕೊಂಡೇ ಬೆಳೆದಿವೆ. ಉತ್ತರ ಕರ್ನಾಟಕದಿಂದ ಬಂದವರು ಹಂಪಿನಗರದ ಗ್ರಂಥಾಲಯದಲ್ಲಿ ಇಡೀ ದಿನ ಕೂತಿರುವುದನ್ನು ಕಂಡು ಹದಿನೆಂಟರ ಹುಡುಗನ ತಂದೆಗೂ ಆತುರ ಹತ್ತುತ್ತದೆ. ಆದರೆ ಸಿವಿಲ್ ಸರ್ವೀಸ್ ಪರೀಕ್ಷೆಗೆ ಕನಿಷ್ಠ ವಯಸ್ಸೇ 21, ಸಾಮಾನ್ಯ ವರ್ಗಕ್ಕೆ ಗರಿಷ್ಠ 32. ಅಂತಿಮ ವರ್ಷದಲ್ಲಿ ಇರುವಾಗಲೇ ಪ್ರಿಲಿಮ್ಸ್‌ಗೆ ಅರ್ಜಿ ಹಾಕಬಹುದು. ಐಚ್ಛಿಕ ವಿಷಯ ಪದವಿಯದ್ದೇ ಆಗಿರಬೇಕೆಂದೂ ಇಲ್ಲ. ಎಂಜಿನಿಯರುಗಳು ಕನ್ನಡ ಸಾಹಿತ್ಯ ತೆಗೆದುಕೊಂಡು ಬರೆಯುತ್ತಾರೆ. ನನ್ನ ಮಾತು ಕೇಳುವುದಾದರೆ, ಮೊದಲ ಎರಡು ವರ್ಷ ತರಗತಿಯ ಇತಿಹಾಸ, ಅರ್ಥಶಾಸ್ತ್ರವನ್ನು ಸರಿಯಾಗಿ ಓದಿ. ಕೋಚಿಂಗಿನವರು ದುಡ್ಡು ತೆಗೆದುಕೊಂಡು ಹೇಳಿಕೊಡುವುದರಲ್ಲಿ ಬಹುಪಾಲು ಅದೇ.

ಐಎಎಸ್ ಬಿಟ್ಟರೆ ದಾರಿಯಿಲ್ಲ ಎನ್ನುವವರು ಪಕ್ಕದ ನಾಗರಭಾವಿಗೆ ಒಮ್ಮೆ ಹೋಗಿಬರಲಿ. ಅಲ್ಲಿನ ನ್ಯಾಷನಲ್ ಲಾ ಸ್ಕೂಲ್ 2022ರಿಂದ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ. ಅದೇ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಅಲ್ಲಿ ಹಳ್ಳಿ, ಕೃಷಿ, ಜನಸಂಖ್ಯೆಯ ಮೇಲೆ ಸಂಶೋಧನೆ ನಡೆಯುತ್ತದೆ. ಎರಡಕ್ಕೂ ಬೇರು ಬಿ.ಎ.ಯಲ್ಲಿ ಓದುವ ವಿಷಯಗಳೇ.

ಕಲ್ಪನೆ: ಆರ್ಟ್ಸ್‌ನಲ್ಲಿ ಕ್ಲಾಸಿಗೆ ಹೋಗದಿದ್ರೂ ನಡೆಯುತ್ತೆ

ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ‘ಶಾರ್ಟೇಜ್’ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನ ಓಡಾಡುವುದಕ್ಕಿಂತ, ಪಾರ್ಟ್‌ಟೈಮ್ ಕೆಲಸ ಹಿಡಿಯುವ ಮೊದಲೇ ಟೈಮ್‌ಟೇಬಲ್ ಮುಂದಿಟ್ಟುಕೊಂಡು ಲೆಕ್ಕ ಹಾಕುವುದು ಸಲೀಸು.

ಕಲ್ಪನೆ: ಕನ್ನಡ ಮೀಡಿಯಂನವರಿಗೆ ಬೆಂಗಳೂರಿನ ಬಿ.ಎ. ಆಗಿಬರಲ್ಲ

ಬೆಂಗಳೂರು ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆಯಲ್ಲಿ ಐಚ್ಛಿಕ ವಿಷಯಗಳನ್ನು ಕನ್ನಡದಲ್ಲೇ ಬರೆಯಬಹುದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹಾಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಂತೂ ಕಡ್ಡಾಯ ಕನ್ನಡ ಪತ್ರಿಕೆ ಪಾಸಾಗದೆ ಮುಂದಿನ ಮಾತಿಲ್ಲ. ಇಂಗ್ಲಿಷ್ ಬೇಕಾಗುವುದು ಲಾ ಸ್ಕೂಲ್ ಪ್ರವೇಶ ಪರೀಕ್ಷೆಗೆ, ಹೊರರಾಜ್ಯದ ಎಂ.ಎ.ಗೆ. ಅದಕ್ಕೆ ಭಾಷಾ ಪತ್ರಿಕೆಯ ತರಗತಿ ಇದೆ, ಮೂರು ವರ್ಷ ಸಮಯವೂ ಇದೆ.