ಕಾನ್ಪುರದ ಗುಜರಿ, ಬೆಂಗಳೂರಿನ ರೆಕ್ಕೆ

ಮುರಿದ ಸೈಕಲ್ಲು, ತೂತು ಬಿದ್ದ ಬಕೆಟ್ಟು ಗುಜರಿಗೆ ಹೋಗುವುದು ನಿಮಗೆಲ್ಲ ಗೊತ್ತು. ಆದರೆ ದೈತ್ಯ ಯುದ್ಧವಿಮಾನಗಳೇ ಗುಜರಿಯಾಗಿ ಸಾಲುಗಟ್ಟಿ ನಿಂತಿದ್ದ ಜಾಗವೊಂದು ನಮ್ಮ ದೇಶದಲ್ಲಿತ್ತು. ಅದು ಕಾನ್ಪುರದ ಚಕೇರಿ ವಾಯುನೆಲೆ.

1945ರಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್ ಬಾಂಬರ್‌ಗಳನ್ನು ಅಲ್ಲಿ ತಂದು ಬಿಟ್ಟಿತು. ನಾಲ್ಕು ಎಂಜಿನ್, 110 ಅಡಿ ಅಗಲದ ರೆಕ್ಕೆ. ಇವು ಯುದ್ಧಕ್ಕೆಂದು ಅಮೆರಿಕ ಕೊಟ್ಟಿದ್ದ ವಿಮಾನಗಳು. ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು, ಇಲ್ಲವೇ ಯಾರಿಗೂ ಉಪಯೋಗವಾಗದಂತೆ ಹಾಳುಮಾಡಬೇಕು ಎಂಬುದು ಕರಾರು. ಬ್ರಿಟಿಷರು ಎರಡನೆಯದನ್ನೇ ಮಾಡಿದರು. ಎಂಜಿನ್‌ಗಳೊಳಗೆ ಮರಳು ಸುರಿದರು, ಸಿಕ್ಕಿದ್ದನ್ನು ಒಡೆದರು. ಇವು ಇನ್ನು ಹಾರಲಾರವು ಎಂದುಕೊಂಡು ಹೊರಟುಹೋದರು.

ಆದರೆ ಹೊಸದಾಗಿ ಸ್ವತಂತ್ರವಾದ ಭಾರತಕ್ಕೆ ದೊಡ್ಡ ಬಾಂಬರ್ ಬೇಕಿತ್ತು. ಆ ಗುಜರಿಯನ್ನು ಹಾರಿಸುವ ಕೆಲಸ ಬಂದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ, ಅಂದರೆ ಇಂದಿನ ಎಚ್‌ಎಎಲ್‌ಗೆ. ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಶುರುಮಾಡಿದ್ದ ಈ ಕಾರ್ಖಾನೆಯ ಕೆಲಸಗಾರರಿಗೆ ಯುದ್ಧದ ದಿನಗಳಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡಿ ಕೈ ಪಳಗಿತ್ತು. ಒಂದರ ಚಕ್ರ, ಇನ್ನೊಂದರ ಎಂಜಿನ್ ಹೀಗೆ ಜೋಡಿಸಿ, ಹೇಗೋ ಹಾರುವಷ್ಟು ಸರಿಮಾಡಿದರು. ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಶಿ ಅವುಗಳನ್ನು ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಒಂದೊಂದಾಗಿ ಹಾರಿಸಿ ತಂದರು. ಒಮ್ಮೆ ಹಾಳುಗೆಡವಿದ ವಿಮಾನದಲ್ಲಿ ಕೂತು ಅಷ್ಟು ದೂರ! ನನ್ನನ್ನು ಕೇಳಿದರೆ, ಯುದ್ಧದಲ್ಲಿ ಹಾರಿದವರಿಗಿಂತ ಇವರ ಎದೆಗಾರಿಕೆ ಏನೂ ಕಡಿಮೆಯಲ್ಲ.

ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ನಲವತ್ತರ ಆಸುಪಾಸಿನಷ್ಟು ಲಿಬರೇಟರ್‌ಗಳು ನಮ್ಮ ವಾಯುಪಡೆಗೆ ಸೇರಿದವು. 1968ರ ಕೊನೆಯವರೆಗೂ ಹಾರಿದವು. ಅಷ್ಟು ಹೊತ್ತಿಗೆ, ಒಟ್ಟು 18,000ಕ್ಕೂ ಹೆಚ್ಚು ತಯಾರಾಗಿದ್ದ ಈ ವಿಮಾನ ಬೇರೆ ಕಡೆ ಹೆಚ್ಚುಕಡಿಮೆ ಮಾಯವಾಗಿತ್ತು. ಬ್ರಿಟನ್, ಅಮೆರಿಕ, ಕೆನಡಾದ ಮ್ಯೂಸಿಯಂಗಳು ಭಾರತದ ಕಡೆ ನೋಡಿದವು. ಇಂದು ಆ ಮೂರೂ ದೇಶಗಳಲ್ಲಿ ನಮ್ಮ ವಾಯುಪಡೆಯ ಹಳೆಯ ಲಿಬರೇಟರ್‌ಗಳಿವೆ. ಒಂದು ದೆಹಲಿಯ ಪಾಲಂ ಮ್ಯೂಸಿಯಂನಲ್ಲೇ ಉಂಟು. ಇನ್ನೊಂದನ್ನು ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ 1989ರಲ್ಲಿ ಮತ್ತೆ ಹಾರುವಂತೆ ಮಾಡಿತು. ‘ವಿಚ್‌ಕ್ರಾಫ್ಟ್’ ಎಂಬ ಹೆಸರು ಬರೆಸಿಕೊಂಡು ಊರೂರು ಸುತ್ತಿ, ಜನರನ್ನೂ ಕೂರಿಸಿಕೊಂಡು ಹಾರಿದ ಆ ವಿಮಾನ ಒಂದು ಕಾಲಕ್ಕೆ ನಮ್ಮ ಗುಜರಿ!

ಇಷ್ಟು ಹಳೆಯ ವಿಮಾನವನ್ನು ಹಾರಿಸುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. ಇದರ ಒಂದೊಂದು ಎಂಜಿನ್‌ನಲ್ಲೂ 14 ಸಿಲಿಂಡರ್‌ಗಳು ಸೂರ್ಯಕಾಂತಿ ದಳಗಳಂತೆ ವೃತ್ತಾಕಾರವಾಗಿ ಕೂತಿರುತ್ತವೆ. ವಿಮಾನ ನಿಂತಿದ್ದಾಗ ಎಣ್ಣೆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿದು ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಒಳಗಿನ ದಂಡವೇ ಬಾಗೀತು. ಅದಕ್ಕೇ ಮೊದಲು ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಸ್ಟಾರ್ಟ್ ಆದ ಕೂಡಲೇ ಭುಸ್ಸೆಂದು ನೀಲಿ ಹೊಗೆ ಬರುತ್ತದಲ್ಲ, ಅದು ಉಳಿದ ಎಣ್ಣೆ ಸುಡುವ ಹೊಗೆ.

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ರಜೆಯಲ್ಲಿ ಹೋದರೆ ಅದೇ ಕಾರ್ಖಾನೆಯವರು ಮುಂದೆ ತಾವೇ ಕಟ್ಟಿದ ಎಚ್‌ಟಿ-2, ಮಾರುತ್ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಅವು ಅಲುಗುವುದಿಲ್ಲ. ಹಾರುವ ಹಳೆಯ ವಿಮಾನವೇ ಬೇಕೆಂದರೆ ನಮ್ಮ ವಾಯುಪಡೆಯ ಡಕೋಟಾ ‘ಪರಶುರಾಮ’ ಇದೆ. ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2018ರಲ್ಲಿ ಭಾರತಕ್ಕೆ ಹಾರಿಬಂದ ಇದು, ಮರುವರ್ಷ ಯಲಹಂಕದ ಏರೋ ಇಂಡಿಯಾದಲ್ಲೂ ಹಾರಿತು. ಅದು ತಲೆಯ ಮೇಲೆ ಹಾದುಹೋಗುವಾಗ ಕಿವಿಗೊಡಿ. ಡಕೋಟಾಗೆ ಎರಡೇ ಎಂಜಿನ್, ಆದರೆ ಲಿಬರೇಟರ್‌ನದೇ ಜಾತಿಯವು. ಆ ಗುಡುಗಿನಲ್ಲಿ ಅರ್ಧ ನಿಮಗೆ ಕೇಳಿಸಿದ ಹಾಗಾಯಿತು.